ನಿಮ್ಮ ಕೋಆರ್ಡಿನೇಟರ್ ಯಾರು?

ಅಂಗಾಂಗ ಕಸಿಯ ಬಗ್ಗೆ ವಾಷಿಂಗ್ಟನ್ ಸುತ್ತಮುತ್ತಲಿನ, ಅಟ್ಲಾಂಟಾದ ಮತ್ತು ಎರಡೂ ಕೆರೊಲಿನಾಗಳ ಕನ್ನಡಿಗರು ಬರೆದ ಪತ್ರಗಳಿಗೆ, ಕಸಿ ಘಟಕದಲ್ಲಿ ಕೋಆರ್ಡಿನೇಟರ್ ಆಗಿರುವ ನರ್ಸ್ ಒಬ್ಬರು ಇಲ್ಲಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಡಯಾಲಿಸಿಸ್ ನಡೆಯುತ್ತಿದೆ. ಕಿಡ್ನಿ ಕಸಿಯ ಪಟ್ಟಿಗೆ ಹೆಸರು ಸೇರಿಸಿದ್ದಾರೆ. ವಾರಕ್ಕೊಬ್ಬರು ಫೋನ್ ಮಾಡಿ ‘ನಾನು ಕೋಆರ್ಡಿನೇಟರ್’ ಅನ್ನುತ್ತಾರೆ. ಒಬ್ಬರನ್ನು ಕೇಳಿದರೆ ಅದು ನನ್ನ ಕೆಲಸವಲ್ಲ, ಇನ್ನೊಬ್ಬರನ್ನು ಕೇಳಿ ಅನ್ನುತ್ತಾರೆ. ನೇರವಾಗಿ ಡಾಕ್ಟರ ಹತ್ತಿರವೇ ಮಾತಾಡೋಣವೆಂದರೆ ಅವರು ಕೈಗೇ ಸಿಗುವುದಿಲ್ಲ. ಯಾರನ್ನು ಹಿಡಿಯಬೇಕು?
(ಆಲ್ಫರೆಟ್ಟಾ, ಜಾರ್ಜಿಯಾ)

ಉತ್ತರ: ಕಸಿಗೆ ಮೊದಲು ನೋಡಿಕೊಳ್ಳುವ ಕೋಆರ್ಡಿನೇಟರ್ ಯಾರೋ ಅವರನ್ನು ಹಿಡಿಯಿರಿ. ಅವರ ಹೆಸರು, ನೇರ ಫೋನ್ ನಂಬರ್, ಅವರು ರಜೆಯಲ್ಲಿದ್ದರೆ ಯಾರು ನೋಡುತ್ತಾರೆ ಎಂಬುದು, ಈ ಮೂರನ್ನೂ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿಕೊಳ್ಳಿ. ಕಸಿಯಾದ ಮೇಲೆ ಔಷಧಿ, ರಕ್ತ ಪರೀಕ್ಷೆ ನೋಡುವವರು ಬೇರೆ. ಜೀವಂತ ದಾನಿ ಮುಂದೆ ಬಂದರೆ ಆ ದಾನಿಯನ್ನು ನೋಡಿಕೊಳ್ಳುವವರು ಇನ್ನೂ ಬೇರೆ. ತೀರಿಕೊಂಡವರಿಂದ ಅಂಗಾಂಗ ಪಡೆಯುವ ಕೋಆರ್ಡಿನೇಟರುಗಳಂತೂ ಆಸ್ಪತ್ರೆಯ ನೌಕರರೇ ಅಲ್ಲ, ಪ್ರತ್ಯೇಕ ಸಂಸ್ಥೆಯವರು. ಜಾರ್ಜಿಯಾದಲ್ಲಿ ಆ ಸಂಸ್ಥೆ ಲೈಫ್‌ಲಿಂಕ್, ಉತ್ತರ ಕೆರೊಲಿನಾದಲ್ಲಿ ಆನರ್‌ಬ್ರಿಡ್ಜ್ ಮತ್ತು ಲೈಫ್‌ಶೇರ್ ಕೆರೊಲಿನಾಸ್, ದಕ್ಷಿಣ ಕೆರೊಲಿನಾದಲ್ಲಿ ವಿ ಆರ್ ಶೇರಿಂಗ್ ಹೋಪ್, ವಾಷಿಂಗ್ಟನ್ ಮತ್ತು ಮೇರಿಲ್ಯಾಂಡ್ ಕಡೆ ಇನ್ಫಿನಿಟ್ ಲೆಗಸಿ. ಈ ಕೆಲಸಗಳನ್ನು ಬೇಕೆಂದೇ ಹೀಗೆ ಹಂಚಿದ್ದಾರೆ. ಮುಂದಿನ ಪತ್ರಗಳಲ್ಲಿ ಅದರ ಕಾರಣ ನಿಮಗೇ ಗೊತ್ತಾಗುತ್ತದೆ.

ನೀವು ಅವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು: ‘ನಮ್ಮ ಯಜಮಾನರು ಪಟ್ಟಿಯಲ್ಲಿ ಆ್ಯಕ್ಟಿವ್ ಇದ್ದಾರೆಯೇ?’ ಹೆಸರು ಪಟ್ಟಿಯಲ್ಲಿದ್ದೂ ತಾತ್ಕಾಲಿಕವಾಗಿ ನಿಷ್ಕ್ರಿಯವಾಗಿರಬಹುದು. ನಮ್ಮ ಭಾಷೆಯಲ್ಲಿ ಅದಕ್ಕೆ ಸ್ಟೇಟಸ್ 7 ಎನ್ನುತ್ತೇವೆ. ಹೃದಯದ ಸ್ಟ್ರೆಸ್ ಟೆಸ್ಟ್ ಹಳೆಯದಾಗಿದ್ದರೆ, ಹಲ್ಲಿನ ಡಾಕ್ಟರ ಪತ್ರ ಬಂದಿರದಿದ್ದರೆ, ವಿಮೆ ಬದಲಾಗಿದ್ದರೆ ಹೀಗಾಗುತ್ತದೆ. ಕಾಯುವ ಅವಧಿಯ ಲೆಕ್ಕವೇನೋ ನಡೆಯುತ್ತಲೇ ಇರುತ್ತದೆ, ಆದರೆ ಕಿಡ್ನಿ ಬಂದಾಗ ನಿಮ್ಮ ಹೆಸರು ಮೇಲೆ ಬರುವುದಿಲ್ಲ. ವರ್ಷಗಟ್ಟಲೆ ‘ಪಟ್ಟಿಯಲ್ಲಿದ್ದೇವೆ’ ಎಂದು ನೆಮ್ಮದಿಯಿಂದಿದ್ದು, ಆಮೇಲೆ ಇದು ಗೊತ್ತಾಗಿ ಕುಸಿದುಹೋದ ಕುಟುಂಬಗಳನ್ನು ನೋಡಿದ್ದೇನೆ. ಡಯಾಲಿಸಿಸ್ ಸೆಂಟರಿನಿಂದ ನಿಯಮಿತವಾಗಿ ಒಂದು ಟ್ಯೂಬ್ ರಕ್ತ ಕಸಿ ಲ್ಯಾಬಿಗೆ ಹೋಗುತ್ತಿರಬೇಕು. ಅದು ಹೋಗುತ್ತಿದೆಯೇ ಎಂದೂ ಕೇಳಿ. ಆ ರಕ್ತವಿಲ್ಲದಿದ್ದರೆ ದಾನಿಯ ಕಿಡ್ನಿಗೆ ತಾಳೆ ನೋಡುವುದು ಕಷ್ಟ.

ಇನ್ನೊಂದು ಮಾತು. ಗುರುತಿಲ್ಲದ ನಂಬರಿನಿಂದ ಬರುವ ಕರೆಯನ್ನು ನಮ್ಮವರು ಎತ್ತುವುದಿಲ್ಲ, ರಾತ್ರಿಯಂತೂ ಫೋನಿನ ಸದ್ದೇ ಬಂದ್. ಕಿಡ್ನಿ ಬಂದಿದೆ ಎಂಬ ಕರೆ ಬೆಳಗಿನ ಜಾವ ಎರಡು ಗಂಟೆಗೂ ಬರಬಹುದು, ಆಸ್ಪತ್ರೆ ಉತ್ತರ ಕೊಡಲು ಸಿಗುವುದು ನಿಮಿಷಗಳ ಲೆಕ್ಕದ ಸಮಯ. ನಿಮ್ಮದು, ಮಗಳದು, ಪಕ್ಕದ ಮನೆಯವರದು, ಎಲ್ಲ ನಂಬರುಗಳನ್ನೂ ಕೊಟ್ಟಿಡಿ. ಊರಿಗೆ ಹೋಗುವುದಿದ್ದರೆ ಟಿಕೆಟ್ ಮಾಡಿಸಿದ ದಿನವೇ ತಿಳಿಸಿ.

ಪ್ರಶ್ನೆ: ಚಾರ್ಲಟ್‌ನಲ್ಲಿರುವ ನನ್ನ ಅಣ್ಣನಿಗೆ ಎರಡೂ ಕಿಡ್ನಿ ಹೋಗಿದೆ. ನನ್ನ ರಕ್ತದ ಗುಂಪು ಹೊಂದುತ್ತದೆ. ಅಮ್ಮ ಮೈಸೂರಿನಿಂದ ದಿನಾ ಫೋನ್ ಮಾಡಿ ‘ಒಡಹುಟ್ಟಿದವನು ಕಣೇ’ ಎಂದು ಅಳುತ್ತಾಳೆ. ನನಗೆ ಇಬ್ಬರು ಸಣ್ಣ ಮಕ್ಕಳು. ಎರಡನೇ ಬಸಿರಿನಲ್ಲಿ ಶುಗರ್ ಬಂದಿತ್ತು. ನನ್ನ ಗಂಡ ಬಾಯಿಬಿಟ್ಟು ಬೇಡ ಅನ್ನುವುದಿಲ್ಲ, ಮುಖ ನೋಡಿದರೆ ತಿಳಿಯುತ್ತದೆ. ನನಗೆ ಅಣ್ಣನ ಮೇಲೆ ಜೀವ. ಆದರೆ ಭಯವೂ ಇದೆ. ಆಗುವುದಿಲ್ಲ ಅಂದರೆ ತವರಿನ ಬಾಗಿಲು ಮುಚ್ಚಿದ ಹಾಗೆ. ಈ ಮಾತನ್ನು ಯಾರ ಹತ್ತಿರ ಆಡಲಿ?
(ಕೇರಿ, ಉತ್ತರ ಕೆರೊಲಿನಾ)

ಉತ್ತರ: ತಂಗಿ, ಈ ಮಾತು ಆಡಲೆಂದೇ ಒಬ್ಬರಿದ್ದಾರೆ. ದಾನಿಯ ಕೋಆರ್ಡಿನೇಟರ್ ಎಂದರೆ ನಿನ್ನ ಕೋಆರ್ಡಿನೇಟರ್. ಅಣ್ಣನನ್ನು ನೋಡಿಕೊಳ್ಳುವ ನರ್ಸ್ ಬೇರೆ, ಅವರು ನಿನ್ನ ಕಡತ ತೆರೆಯುವುದಿಲ್ಲ. ಇದರ ಮೇಲೆ, 2007ರ ಕೇಂದ್ರ ಸರ್ಕಾರದ ನಿಯಮದ ಪ್ರಕಾರ, ಜೀವಂತ ದಾನಿಯಿಂದ ಅಂಗ ಪಡೆಯುವ ಪ್ರತಿ ಆಸ್ಪತ್ರೆಯೂ ದಾನಿಯ ಪರವಾಗಿ ಮಾತ್ರ ನಿಲ್ಲುವ ಒಬ್ಬರನ್ನು ಇಟ್ಟಿರಲೇಬೇಕು. ಅಣ್ಣನಿಗೆ ಕಿಡ್ನಿ ಸಿಕ್ಕಿತೋ ಇಲ್ಲವೋ ಎಂಬುದು ಅವರ ಚಿಂತೆಯಲ್ಲ. ನಿನಗೆ ಇದಕ್ಕೆ ಮನಸ್ಸಿದೆಯೇ, ಯಾರಾದರೂ ಒತ್ತಾಯಿಸುತ್ತಿದ್ದಾರೆಯೇ ಎಂದು ಕೇಳುವುದೇ ಅವರ ಕೆಲಸ. ಆ ಕೋಣೆಗೆ ಗಂಡನನ್ನೂ ಕರೆದುಕೊಂಡು ಹೋಗಬೇಡ, ಅಣ್ಣನನ್ನೂ ಬೇಡ. ಒಬ್ಬಳೇ ಹೋಗು. ನನಗೆ ಬರೆದದ್ದನ್ನೇ ಅವರಿಗೆ ಹೇಳು.

ಹಿಂದೆ ಸರಿಯುವುದಾದರೆ ಯಾವ ಗಳಿಗೆಯಲ್ಲಾದರೂ ಸರಿಯಬಹುದು, ಆಪರೇಷನ್ ಥಿಯೇಟರಿನ ಬಾಗಿಲಲ್ಲಾದರೂ ಸರಿ. ಆಗ ಆಸ್ಪತ್ರೆಯವರು ನಿನ್ನ ಅಣ್ಣನಿಗೆ ‘ಈ ದಾನಿ ಮುಂದುವರಿಯಲು ಆಗುವುದಿಲ್ಲ’ ಎಂದಷ್ಟೇ ಹೇಳುತ್ತಾರೆ. ಕಾರಣ ಹೇಳುವುದಿಲ್ಲ, ಅಣ್ಣ ಕೇಳಿದರೂ ಅಮ್ಮ ಕೇಳಿದರೂ ಹೇಳುವುದಿಲ್ಲ. ನಿನ್ನ ಆರೋಗ್ಯದ ವಿಷಯ ನಿನ್ನದು ಮಾತ್ರ.

ಈಗ ಭಯದ ವಿಷಯ. ಕಿಡ್ನಿ ಕೊಡುವ ಆಪರೇಷನ್ನಿನಿಂದ ಜೀವಕ್ಕೆ ಅಪಾಯ ತೀರಾ ಕಡಿಮೆ. ಹಿಂದೆ 10,000 ದಾನಿಗಳಿಗೆ 3 ಸಾವು ಎನ್ನುತ್ತಿದ್ದೆವು, ಅಮೆರಿಕದ ಇತ್ತೀಚಿನ ಲೆಕ್ಕದಲ್ಲಿ ಅದು 1ಕ್ಕಿಂತ ಕೆಳಗಿಳಿದಿದೆ. ಮುಂದೆ ದಾನಿಗೇ ಕಿಡ್ನಿ ಹೋಗುವ ಅಪಾಯ? ಜಾನ್ಸ್ ಹಾಪ್ಕಿನ್ಸ್‌ನವರು 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಜೀವಮಾನದಲ್ಲಿ 10,000 ದಾನಿಗಳಿಗೆ 90. ಅಷ್ಟೇ ಆರೋಗ್ಯವಂತರಾಗಿದ್ದು ಕಿಡ್ನಿ ಕೊಡದವರಲ್ಲಿ 14. ನೂರಕ್ಕೆ ಒಂದನ್ನೂ ಮುಟ್ಟದ ಅಪಾಯ, ಆದರೆ ಇಲ್ಲವೇ ಇಲ್ಲ ಎನ್ನುವವರನ್ನು ನಂಬಬೇಡ. ಈ ಅಂಕಿಗಳೆಲ್ಲ ಸರಾಸರಿ. ನಿನ್ನ ವಿಷಯದಲ್ಲಿ ಬಸಿರಿನ ಶುಗರ್ ಸಣ್ಣ ಮಾತಲ್ಲ. ಬಸಿರಿನಲ್ಲಿ ಶುಗರ್ ಬಂದವರಿಗೆ ಮುಂದೆ ಡಯಾಬಿಟೀಸ್ ಬರುವ ಸಂಭವ ಹೆಚ್ಚು, ಅದರಲ್ಲೂ ನಮ್ಮ ಕಡೆಯ ಮೈಕಟ್ಟಿಗೆ ಇನ್ನೂ ಹೆಚ್ಚು. ಮೊದಲ ಫೋನಿನಲ್ಲೇ ಇದನ್ನು ಹೇಳು, ಮುಚ್ಚಿಡಬೇಡ. ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. ಕೆಲವು ಆಸ್ಪತ್ರೆಗಳು ಅಲ್ಲಿಗೇ ಬೇಡ ಎನ್ನುತ್ತವೆ. ಇನ್ನೊಂದು ಮಗು ಬೇಕೆಂದಿದ್ದರೆ ಅದನ್ನೂ ಹೇಳು. ಕಿಡ್ನಿ ಕೊಟ್ಟ ಮೇಲಿನ ಬಸಿರಿನಲ್ಲಿ ಬಿಪಿ ಏರುವ ಸಂಭವ ಜಾಸ್ತಿ.

ಅಮ್ಮನಿಗೆ ಇದನ್ನೆಲ್ಲ ನೀನೇ ಹೇಳಬೇಕಾಗಿಲ್ಲ. ನಿನ್ನ ಒಪ್ಪಿಗೆ ಇದ್ದರೆ, ದಾನಕ್ಕೆ ಏನೇನು ಪರೀಕ್ಷೆ, ಯಾರನ್ನು ಬೇಡ ಎನ್ನುತ್ತಾರೆ ಎಂಬುದನ್ನು ಕೋಆರ್ಡಿನೇಟರ್ ಫೋನಿನಲ್ಲೇ ವಿವರಿಸುತ್ತಾರೆ, ಜೊತೆಗೆ ಕನ್ನಡದ ದುಭಾಷಿಯನ್ನೂ ಕೂರಿಸುತ್ತಾರೆ. ದುಭಾಷಿಯ ಖರ್ಚು ಆಸ್ಪತ್ರೆಯದು. ಮನೆಯವರನ್ನು ದುಭಾಷಿ ಮಾಡಬೇಡ, ಮಾತು ಮಧ್ಯದಲ್ಲೇ ಬದಲಾಗುತ್ತದೆ.

ಹಾಗೇ ಅಣ್ಣನಿಗೆ ನೀನೊಬ್ಬಳೇ ದಾರಿಯಲ್ಲ. ಅತ್ತಿಗೆಗೆ ಕೊಡುವ ಮನಸ್ಸಿದ್ದು ರಕ್ತ ಹೊಂದದಿದ್ದರೆ, ಅದೇ ತೊಂದರೆಯಿರುವ ಇನ್ನೊಂದು ಜೋಡಿಯ ಜೊತೆ ಅದಲುಬದಲು ಮಾಡುವ ವ್ಯವಸ್ಥೆ ಇದೆ. ಜೋಡಿಯನ್ನು ಹುಡುಕುವುದು ಕೋಆರ್ಡಿನೇಟರುಗಳ ಕೆಲಸ. ಭಾರತದಲ್ಲಿ ಜೀವಂತ ದಾನಿಗಳಲ್ಲಿ ಹೆಚ್ಚಿನವರು ಹೆಂಗಸರು, ಅಂಗ ಪಡೆದವರಲ್ಲಿ ಹೆಚ್ಚಿನವರು ಗಂಡಸರು. ಆ ಲೆಕ್ಕದ ಹಿಂದೆ ನಿನ್ನಂಥ ಎಷ್ಟು ಫೋನ್ ಕರೆಗಳಿವೆಯೋ ಎಂದು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನೀನು ಮನಸ್ಸಾರೆ ಕೊಟ್ಟರೆ ಅದು ದೊಡ್ಡದು. ಕೊಡದಿದ್ದರೆ ನೀನು ಯಾರ ಸಾಲಗಾರಳೂ ಅಲ್ಲ.

ಪ್ರಶ್ನೆ: ಮೊಮ್ಮಗನನ್ನು ನೋಡಲು ಟೂರಿಸ್ಟ್ ವೀಸಾದಲ್ಲಿ ಬಂದಿದ್ದ ನಮ್ಮ ತಾಯಿಗೆ ಮಿದುಳಿನಲ್ಲಿ ರಕ್ತಸ್ರಾವವಾಯಿತು. ಮೂರನೇ ದಿನ ಮಿದುಳು ನಿಷ್ಕ್ರಿಯವಾಗಿದೆ ಎಂದರು. ಅದಾದ ಸ್ವಲ್ಪ ಹೊತ್ತಿಗೆ ಯಾರೋ ಗುರುತಿಲ್ಲದ ಮಹಿಳೆ ಬಂದು ಕೂತು ಅಂಗಾಂಗ ದಾನದ ಮಾತೆತ್ತಿದರು. ನಾವು ಸಿಟ್ಟಿನಿಂದ ಬೇಡ ಎಂದುಬಿಟ್ಟೆವು. ಅಂಗಾಂಗದ ಆಸೆಗೇ ಡಾಕ್ಟರುಗಳು ಬೇಗ ಕೈಬಿಟ್ಟರೇ ಎಂಬ ಅನುಮಾನ ಈಗಲೂ ಕೊರೆಯುತ್ತಿದೆ. ಬೇಡ ಎಂದದ್ದು ತಪ್ಪಾಯಿತೇ ಎಂಬುದೂ ಕೊರೆಯುತ್ತಿದೆ.
(ಆ್ಯಶ್‌ಬರ್ನ್, ವರ್ಜೀನಿಯಾ)

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ತಪ್ಪಾಗಲಿಲ್ಲ. ಕೇಳುವುದು ಆ ಮಹಿಳೆಯ ಕೆಲಸ, ಬೇಡ ಎನ್ನುವುದು ನಿಮ್ಮ ಹಕ್ಕು. ತಾಯಿ ಬದುಕಿದ್ದಾಗ ಈ ಬಗ್ಗೆ ಏನೂ ಹೇಳಿರಲಿಲ್ಲವೆಂದರೆ, ಆ ಹೊತ್ತಿನಲ್ಲಿ ಮಕ್ಕಳಿಗೆ ತೋಚಿದ್ದನ್ನು ಮಾಡುತ್ತಾರೆ. ಯಾವ ಕೋಆರ್ಡಿನೇಟರೂ ನಿಮ್ಮನ್ನು ಮನಸ್ಸಿನಲ್ಲಿ ಬೈದುಕೊಂಡು ಹೋಗಿರುವುದಿಲ್ಲ.

ಅನುಮಾನಕ್ಕೆ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಆ ಮಹಿಳೆ ಆಸ್ಪತ್ರೆಯವರಲ್ಲ. 1998ರಿಂದ ಅಮೆರಿಕದಲ್ಲಿ ಒಂದು ನಿಯಮವಿದೆ: ರೋಗಿ ತೀರಿಕೊಂಡಾಗ, ಅಥವಾ ಸಾವು ಹತ್ತಿರವಿದೆ ಎಂದಾದಾಗ, ಆಸ್ಪತ್ರೆ ಆ ಪ್ರದೇಶದ ಅಂಗಾಂಗ ಸಂಸ್ಥೆಗೆ ತಿಳಿಸಲೇಬೇಕು. ಯಾರ ಅಂಗ ಆಗುತ್ತದೆ, ಯಾರದು ಆಗುವುದಿಲ್ಲ ಎಂದು ಐಸಿಯು ಡಾಕ್ಟರು ತಾವೇ ತೀರ್ಮಾನಿಸುವಂತಿಲ್ಲ. ಮನೆಯವರನ್ನು ಕೇಳುವವರು ಅದಕ್ಕೆಂದೇ ತರಬೇತಿ ಪಡೆದಿರಬೇಕು. ನಿಮ್ಮ ತಾಯಿಗೆ ಚಿಕಿತ್ಸೆ ಕೊಟ್ಟ ಡಾಕ್ಟರಿಗೆ, ಅಂಗಾಂಗ ಯಾರಿಗೆ ಹೋಗಬಹುದಿತ್ತು ಎಂಬುದೇ ತಿಳಿದಿರುವುದಿಲ್ಲ. ಸಾವನ್ನು ಘೋಷಿಸುವ ಡಾಕ್ಟರು ಅಂಗ ತೆಗೆಯುವುದರಲ್ಲಾಗಲಿ ಕಸಿ ಮಾಡುವುದರಲ್ಲಾಗಲಿ ಭಾಗವಹಿಸುವಂತಿಲ್ಲ ಎಂದು ಕಾನೂನೇ ಹೇಳುತ್ತದೆ.

ಮಿದುಳಿನ ಸಾವನ್ನು ಹೇಗೆ ನೋಡುತ್ತಾರೆಂದು ನಿಮಗೆ ಯಾರೂ ಬಿಡಿಸಿ ಹೇಳಲಿಲ್ಲವೆಂದು ಕಾಣುತ್ತದೆ. ಕಣ್ಣಿನ ಪಾಪೆಗೆ ಬೆಳಕು ಬಿಡುತ್ತಾರೆ, ಕಿವಿಯೊಳಗೆ ಮಂಜಿನಂಥ ತಣ್ಣೀರು ಬಿಡುತ್ತಾರೆ, ಗಂಟಲಿನ ಒಳಗೆ ಮುಟ್ಟಿ ಕೆಮ್ಮು ಬರುತ್ತದೆಯೇ ನೋಡುತ್ತಾರೆ. ಕೊನೆಗೆ ಉಸಿರಿನ ಪರೀಕ್ಷೆ. ಆಮ್ಲಜನಕ ಸಣ್ಣ ಕೊಳವೆಯಲ್ಲಿ ಹೋಗುತ್ತಿರುವಂತೆಯೇ ವೆಂಟಿಲೇಟರ್ ಕಳಚಿ, ಎಂಟು ಹತ್ತು ನಿಮಿಷ ಎದೆಯನ್ನೇ ನೋಡುತ್ತಾ ನಿಲ್ಲುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ 60 ದಾಟುತ್ತದೆ. ಮಿದುಳಿನ ಬುಡದಲ್ಲಿ ಒಂದಿಷ್ಟು ಜೀವವಿದ್ದರೂ ದೇಹ ಉಸಿರೆಳೆಯಲು ಒದ್ದಾಡಲೇಬೇಕು. ಎದೆ ಅಲುಗದಿದ್ದರೆ, ಆ ವೇಳೆಯನ್ನೇ ಸಾವಿನ ಸಮಯವೆಂದು ಬರೆಯುತ್ತಾರೆ. ಕೋಮಾ ಬೇರೆ, ಇದು ಬೇರೆ. ಕೋಮಾದಿಂದ ಎದ್ದವರಿದ್ದಾರೆ, ಸರಿಯಾಗಿ ಪರೀಕ್ಷಿಸಿ ಘೋಷಿಸಿದ ಈ ಸ್ಥಿತಿಯಿಂದ ಎದ್ದವರಿಲ್ಲ. ಕೆಲವು ಐಸಿಯುಗಳಲ್ಲಿ ಕೇಳಿದರೆ ಮನೆಯವರೂ ನಿಂತು ನೋಡಬಹುದು. ನಿಮ್ಮ ತಾಯಿಯ ಆಸ್ಪತ್ರೆ ದಾಖಲೆಗಳನ್ನು ಈಗಲೂ ತರಿಸಿಕೊಳ್ಳಬಹುದು. ಈ ಪರೀಕ್ಷೆಗಳು, ಗಂಟೆ, ನಿಮಿಷ ಎಲ್ಲವೂ ಅದರಲ್ಲಿರುತ್ತವೆ. ಗುರುತಿನ ಡಾಕ್ಟರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ನನ್ನ ಮಾತಿಗಿಂತ ಆ ಹಾಳೆಗಳು ನಿಮ್ಮ ಅನುಮಾನವನ್ನು ಹೆಚ್ಚು ಕಳೆಯುತ್ತವೆ.

ಈ ಪತ್ರ ಓದುವ ಇತರರಿಗೆ ಒಂದಿಷ್ಟು ಹೇಳಬೇಕು. ವೀಸಾದಲ್ಲಿ ಬಂದವರೂ ದಾನ ಮಾಡಬಹುದು, ಪೌರತ್ವ ಯಾರೂ ಕೇಳುವುದಿಲ್ಲ. ಒಪ್ಪಿಗೆ ಕೊಟ್ಟ ಮೇಲಿನ ದಾನದ ಖರ್ಚು ಅಂಗಾಂಗ ಸಂಸ್ಥೆಯದು. ಒಂದೆರಡು ದಿನ ತಡವಾಗುತ್ತದೆ. ದೇಹವನ್ನು ಸಾಮಾನ್ಯ ಆಪರೇಷನ್ನಿನಂತೆಯೇ ಹೊಲಿದು ಕೊಡುತ್ತಾರೆ, ಊರಿಗೆ ಕಳಿಸಲು ಅದರಿಂದ ಅಡ್ಡಿಯಿಲ್ಲ. ಅದರ ಕಾಗದಪತ್ರ ಜಾರ್ಜಿಯಾ, ದಕ್ಷಿಣ ಕೆರೊಲಿನಾದವರಿಗೆ ಅಟ್ಲಾಂಟಾದ ಭಾರತೀಯ ಕಾನ್ಸುಲೇಟಿನಲ್ಲಿ, ವಾಷಿಂಗ್ಟನ್, ವರ್ಜೀನಿಯಾ, ಮೇರಿಲ್ಯಾಂಡ್, ಉತ್ತರ ಕೆರೊಲಿನಾದವರಿಗೆ ವಾಷಿಂಗ್ಟನ್ನಿನ ರಾಯಭಾರ ಕಚೇರಿಯಲ್ಲಿ. ತುಳಸಿ ನೀರು ಬಿಡಬೇಕು, ವಿಭೂತಿ ಹಚ್ಚಬೇಕು, ಧಾರವಾಡದಲ್ಲಿರುವ ದೊಡ್ಡಪ್ಪ ಫೋನಿನಲ್ಲಿ ಮಂತ್ರ ಹೇಳಬೇಕು ಎಂದರೆ ಕೋಆರ್ಡಿನೇಟರಿಗೆ ಹೇಳಿ. ಅದಕ್ಕೆ ಸಮಯ ಮಾಡಿಕೊಡುವುದೂ ಅವರ ಕೆಲಸವೇ. ಎಷ್ಟೋ ಕಡೆ ಆಪರೇಷನ್ ಶುರುವಾಗುವ ಮೊದಲು ಥಿಯೇಟರಿನಲ್ಲಿ ಎಲ್ಲರೂ ಕೈಕಟ್ಟಿ ನಿಲ್ಲುತ್ತಾರೆ, ಮನೆಯವರು ಬರೆದುಕೊಟ್ಟ ನಾಲ್ಕು ಸಾಲನ್ನು ಕೋಆರ್ಡಿನೇಟರ್ ಗಟ್ಟಿಯಾಗಿ ಓದುತ್ತಾರೆ: ಇವರು ಟೀಚರ್ ಆಗಿದ್ದರು, ಮಲ್ಲಿಗೆ ಎಂದರೆ ಪ್ರಾಣ, ಹೀಗೆ.

ಊರಿನಲ್ಲೂ ಇದು ನಡೆಯುತ್ತಿದೆ. ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಗಾಯಗೊಂಡು ಮಿದುಳು ನಿಷ್ಕ್ರಿಯವಾದಾಗ, ಅವರ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಕರ್ನಾಟಕದಲ್ಲಿ ಅದನ್ನೆಲ್ಲ ನಡೆಸುವ ಸರ್ಕಾರಿ ವ್ಯವಸ್ಥೆಯ ಹೆಸರು ಜೀವಸಾರ್ಥಕತೆ. ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಕಣ್ಣು ಕೊಟ್ಟರು. ಇವೆರಡನ್ನೂ ನಮ್ಮವರು ಒಂದೇ ಎಂದುಕೊಳ್ಳುತ್ತಾರೆ. ಹೃದಯ ನಿಂತ ಕೆಲವು ಗಂಟೆಗಳೊಳಗೆ ಮನೆಯಲ್ಲಿ ತೀರಿಕೊಂಡವರ ಕಣ್ಣನ್ನೂ ಪಡೆಯಬಹುದು. ಕಿಡ್ನಿ, ಲಿವರ್, ಹೃದಯಕ್ಕೆ ಹಾಗಲ್ಲ, ದಾನಿ ಐಸಿಯುನಲ್ಲಿ ವೆಂಟಿಲೇಟರ್ ಮೇಲಿರಬೇಕು.

ಪ್ರಶ್ನೆ: ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ದಾನಿ ಎಂದು ಒಪ್ಪಿದ್ದೆ. ಕೆಂಟಕಿಯಲ್ಲಿ ಜೀವವಿದ್ದವರನ್ನೇ ಅಂಗ ತೆಗೆಯಲು ಒಯ್ದಿದ್ದರಂತೆ. ಹೆಸರು ತೆಗೆಸಿಬಿಡಲೇ?
(ರಾಕ್‌ವಿಲ್, ಮೇರಿಲ್ಯಾಂಡ್)

ಉತ್ತರ: ಸುದ್ದಿ ನಿಜ. 2025ರ ಜುಲೈನಲ್ಲಿ ಕೇಂದ್ರದ ಆರೋಗ್ಯ ಇಲಾಖೆ ಪ್ರಕಟಿಸಿದ ತನಿಖೆಯಲ್ಲಿ, ಆ ಭಾಗದ ಅಂಗಾಂಗ ಸಂಸ್ಥೆ ದಾನಕ್ಕೆ ಒಪ್ಪಿಗೆ ಪಡೆದು ಕೊನೆಗೆ ದಾನ ನಡೆಯದೇ ಹೋದ 351 ಪ್ರಕರಣಗಳನ್ನು ನೋಡಿದರು. 103ರಲ್ಲಿ ಆತಂಕ ಪಡುವಂಥ ಸಂಗತಿಗಳಿದ್ದವು, 73ರಲ್ಲಿ ದಾನಕ್ಕೆ ಹೊಂದದ ನರಸಂಬಂಧಿ ಲಕ್ಷಣಗಳಿದ್ದವು. ಓದಿದಾಗ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ನಮ್ಮ ವೃತ್ತಿ ನಿಂತಿರುವುದೇ ನಂಬಿಕೆಯ ಮೇಲೆ. ಅದನ್ನು ಹೀಗೆ ಹಾಳುಮಾಡಿದವರ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ.

ಆದರೆ ಅಲ್ಲಿ ತೊಡಕು ಬಂದದ್ದು ಎಲ್ಲಿ ಎಂದು ತಿಳಿದುಕೊಳ್ಳಿ. ಹಿಂದಿನ ಪತ್ರದಲ್ಲಿ ಹೇಳಿದ ಮಿದುಳಿನ ಸಾವಿನ ಜೊತೆಗೆ ಇನ್ನೊಂದು ದಾರಿ ಇದೆ. ಮಿದುಳಿಗೆ ತೀವ್ರ ಪೆಟ್ಟಾಗಿ, ಚೇತರಿಕೆಯ ಆಸೆಯಿಲ್ಲವೆಂದು ಮನೆಯವರು ವೆಂಟಿಲೇಟರ್ ತೆಗೆಯಲು ತೀರ್ಮಾನಿಸುತ್ತಾರೆ. ಆಮೇಲೆ ಹೃದಯ ತಾನಾಗಿ ನಿಲ್ಲಬೇಕು, ನಿಂತ ಮೇಲೂ ಸಾಮಾನ್ಯವಾಗಿ ಐದು ನಿಮಿಷ ಕಾಯಬೇಕು, ಅನಂತರವೇ ದಾನ. ಈ ದಾರಿಯಲ್ಲಿ ರೋಗಿ ಕೊನೆಯವರೆಗೂ ಐಸಿಯು ತಂಡದ ರೋಗಿಯೇ. ಎಚ್ಚರದ ಲಕ್ಷಣ ಕಂಡರೆ ಎಲ್ಲವನ್ನೂ ನಿಲ್ಲಿಸಬೇಕು. ಕೆಂಟಕಿಯಲ್ಲಿ ಸೋತದ್ದು ಇಲ್ಲಿಯೇ. ಕೆಳಗಿನ ಸಿಬ್ಬಂದಿ ಸೇರಿ ಯಾರು ಬೇಕಾದರೂ ಪ್ರಕ್ರಿಯೆ ನಿಲ್ಲಿಸಲು ಅಧಿಕಾರವಿರುವಂತೆ ವಿಧಾನ ರೂಪಿಸಬೇಕೆಂದು ಆ ಸಂಸ್ಥೆಗೆ ಇಲಾಖೆ ಆದೇಶಿಸಿತು.

ಹೆಸರು ಇಡುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ನನ್ನ ಹೆಸರು ತೆಗೆಸಿಲ್ಲ. ಈ ದೇಶದಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಅಂಗಕ್ಕಾಗಿ ಕಾಯುತ್ತಿದ್ದಾರೆ, ಅವರಲ್ಲಿ ಕೆಲವರ ದನಿ ನನಗೆ ಫೋನಿನಲ್ಲೇ ಗುರುತು ಸಿಗುತ್ತದೆ. 18 ದಾಟಿದವರು ಲೈಸೆನ್ಸ್ ಮಾಡಿಸುವಾಗ ಒಪ್ಪಿದರೆ ಅದು ಕಾನೂನಿನ ದೃಷ್ಟಿಯಲ್ಲಿ ಅವರದೇ ಒಪ್ಪಿಗೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ, ಆಸ್ಪತ್ರೆಯಲ್ಲಿ ಮೊದಲ ಸಲ ಕೇಳುವಂತಾಗಬಾರದು. ಮತ್ತು ಅಂಥ ಹೊತ್ತು ಬಂದರೆ, ಕೈ ಹಿಡಿದಾಗ ಅವರು ಬೆರಳು ಅಲ್ಲಾಡಿಸಿದರು ಅನ್ನಿಸಿದರೆ, ಜೋರಾಗಿ ಹೇಳಿ. ನರ್ಸಿಗೆ ಹೇಳಿ, ಡಾಕ್ಟರಿಗೆ ಹೇಳಿ, ಕೋಆರ್ಡಿನೇಟರಿಗೆ ಹೇಳಿ. ಮತ್ತೊಮ್ಮೆ ಪರೀಕ್ಷೆಯಾಗುವವರೆಗೆ ಯಾವುದಕ್ಕೂ ಸಹಿ ಹಾಕಬೇಡಿ.

ಪ್ರಶ್ನೆ: ನನ್ನದು ಬಿ ರಕ್ತ. ಕ್ರಿಯೇಟಿನಿನ್ ಏರುತ್ತಿದೆ, ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಬಿ ಗುಂಪಿನವರು ವರ್ಷಾನುಗಟ್ಟಲೆ ಕಾಯಬೇಕಂತೆ. ಚಾರ್ಲ್ಸ್‌ಟನ್ ಮತ್ತು ಅಟ್ಲಾಂಟಾ ಎರಡೂ ಕಡೆ ಹೆಸರು ಹಾಕಬಹುದೇ?
(ಗ್ರೀನ್‌ವಿಲ್, ದಕ್ಷಿಣ ಕೆರೊಲಿನಾ)

ಉತ್ತರ: ಹಾಕಬಹುದು. ಆದರೆ ಅದಕ್ಕಿಂತ ಮೊದಲು ಒಂದು ಕೆಲಸ: ನಿಮ್ಮ ಕಿಡ್ನಿ ರಕ್ತ ಸೋಸುವ ವೇಗವನ್ನು ಹೇಳುವ ಇಜಿಎಫ್ಆರ್ 20ಕ್ಕೆ ಇಳಿದರೆ ಡಯಾಲಿಸಿಸ್ ಶುರುವಾಗದೆಯೂ ಪಟ್ಟಿಗೆ ಸೇರಬಹುದು, ಆ ದಿನದಿಂದಲೇ ನಿಮ್ಮ ಕಾಯುವ ಲೆಕ್ಕ ಶುರು. ಕಿಡ್ನಿ ಡಾಕ್ಟರು ಕಸಿ ಆಸ್ಪತ್ರೆಗೆ ಕಳಿಸುವವರೆಗೆ ಕಾಯುತ್ತಾ ಕೂರಬೇಡಿ, ನೀವೇ ಫೋನ್ ಮಾಡಿ.

ಬಿ ಗುಂಪಿನವರು ಭಾರತದಲ್ಲಿ ಸುಮಾರು ಮೂವರಲ್ಲಿ ಒಬ್ಬರು, ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರು. ಹಾಗಾಗಿ ಇಲ್ಲಿ ಬಿ ದಾನಿಗಳು ಕಡಿಮೆ. ಇದಕ್ಕೊಂದು ದಾರಿಯಿದ್ದೂ ಅನೇಕರು ಅದನ್ನು ಕೇಳುವುದೇ ಇಲ್ಲ. ಎ ಗುಂಪಿನವರಲ್ಲಿ ಸುಮಾರು ಐವರಲ್ಲಿ ಒಬ್ಬರದು ಎ2 ಎಂಬ ಒಳಗುಂಪು. ಅವರ ಕಿಡ್ನಿಯನ್ನು ಕೆಲವು ಬಿ ರೋಗಿಗಳಿಗೆ ಹಾಕಬಹುದು. ರಕ್ತದಲ್ಲಿ ಎ ವಿರುದ್ಧದ ಪ್ರತಿಕಾಯ ಎಷ್ಟಿದೆ ನೋಡಿ, ನಿಮ್ಮ ಲಿಖಿತ ಒಪ್ಪಿಗೆ ಪಡೆದು, ಕೋಆರ್ಡಿನೇಟರ್ ಆ ಪಟ್ಟಿಗೂ ನಿಮ್ಮ ಹೆಸರು ಸೇರಿಸಬೇಕು. ಎಲ್ಲ ಆಸ್ಪತ್ರೆಗಳೂ ಇದನ್ನು ಮಾಡುವುದಿಲ್ಲ. ಅಟ್ಲಾಂಟಾವೋ ಚಾರ್ಲ್ಸ್‌ಟನ್ನೋ ಎಂದು ಆರಿಸುವಾಗ ಮೊದಲು ಇದನ್ನು ಕೇಳಿ.

2021ರಿಂದ ಕಿಡ್ನಿ ಹಂಚುವುದು ದಾನಿಯ ಆಸ್ಪತ್ರೆಯಿಂದ 250 ನಾಟಿಕಲ್ ಮೈಲಿ ತ್ರಿಜ್ಯದ ವೃತ್ತದ ಲೆಕ್ಕದಲ್ಲಿ. ಅಟ್ಲಾಂಟಾ, ಚಾರ್ಲಟ್, ಚಾರ್ಲ್ಸ್‌ಟನ್ ವೃತ್ತಗಳು ಒಂದರ ಮೇಲೊಂದು ಬರುತ್ತವೆ. ಹಾಗಾಗಿ ಅಕ್ಕಪಕ್ಕದ ಎರಡು ಕಡೆ ಹೆಸರು ಹಾಕುವುದರಿಂದ ಮೊದಲಿನಷ್ಟು ಲಾಭವಿಲ್ಲ. ಬಂದ ಕಿಡ್ನಿಗಳಲ್ಲಿ ಎಷ್ಟನ್ನು ಆಸ್ಪತ್ರೆ ಒಪ್ಪಿಕೊಳ್ಳುತ್ತದೆ, ಎಷ್ಟನ್ನು ಬೇಡ ಎನ್ನುತ್ತದೆ ಎಂಬುದೇ ಈಗ ದೊಡ್ಡ ವ್ಯತ್ಯಾಸ. ಆ ಅಂಕಿ ಪ್ರತಿ ಆಸ್ಪತ್ರೆಗೂ ಸಾರ್ವಜನಿಕವಾಗಿ ಸಿಗುತ್ತದೆ, ಕೋಆರ್ಡಿನೇಟರನ್ನು ಕೇಳಲು ಹಿಂಜರಿಯಬೇಡಿ.

ಪ್ರಶ್ನೆ: ಕಿಡ್ನಿ ಕಸಿಯಾಗಿ ಒಂದು ವರ್ಷವಾಯಿತು. ಡಿಸೆಂಬರಿನಲ್ಲಿ ಶಿವಮೊಗ್ಗಕ್ಕೆ, ಅಲ್ಲಿಂದ ಧರ್ಮಸ್ಥಳ, ಕುಕ್ಕೆಗೆ ಹೋಗಬೇಕೆಂದಿದ್ದೇನೆ. ಏನು ಎಚ್ಚರಿಕೆ ಬೇಕು?
(ಮರಿಯೆಟ್ಟಾ, ಜಾರ್ಜಿಯಾ)

ಉತ್ತರ: ಖಂಡಿತ ಹೋಗಿಬನ್ನಿ. ಕಸಿಯಾದ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿಗೆ ಹಾಕಬೇಡಿ. ಇರುವ ದಿನಕ್ಕಿಂತ ಎರಡು ವಾರದ್ದು ಹೆಚ್ಚು ಇಟ್ಟುಕೊಳ್ಳಿ. ವಿಮಾನದಲ್ಲಿ ಗಡಿಯಾರ ಬದಲಾಗುತ್ತದೆ, ಎರಡು ಡೋಸಿನ ನಡುವಿನ 12 ಗಂಟೆ ಬದಲಾಗಬಾರದು. ಯಾವ ಹೊತ್ತಿಗೆ ನುಂಗಬೇಕೆಂದು ಕಸಿಯಾದ ಮೇಲೆ ನಿಮ್ಮನ್ನು ನೋಡಿಕೊಳ್ಳುವ ಕೋಆರ್ಡಿನೇಟರ್ ಬರೆದುಕೊಡುತ್ತಾರೆ. ಅಲ್ಲಿ ಔಷಧಿ ಮುಗಿದು ಬೇರೆ ಕಂಪನಿಯದು ತೆಗೆದುಕೊಳ್ಳಬೇಕಾಗಿ ಬಂದರೆ ರಕ್ತದ ಮಟ್ಟ ನೋಡಿಸದೆ ಮುಂದುವರಿಸಬೇಡಿ. ಆ ರಕ್ತವನ್ನು ಬೆಳಗಿನ ಗುಳಿಗೆ ನುಂಗುವ ಮೊದಲೇ ಕೊಡಬೇಕು.

ಚಕ್ಕೋತ ಮುಟ್ಟಬೇಡಿ. ಇಲ್ಲಿ ಗ್ರೇಪ್‌ಫ್ರೂಟ್ ಬೇಡ ಎಂದು ಹೇಳಿರುತ್ತಾರೆ, ಊರಿಗೆ ಹೋದಾಗ ಹಿತ್ತಲಿನ ಚಕ್ಕೋತ ನೆನಪಾಗುವುದಿಲ್ಲ. ಎರಡೂ ಒಂದೇ ಜಾತಿ, ಎರಡೂ ಔಷಧಿಯ ಮಟ್ಟವನ್ನು ಮೇಲಕ್ಕೆ ಎಳೆಯುತ್ತವೆ. ಮೈಕೈ ನೋವೆಂದು ಮೆಡಿಕಲ್ ಶಾಪಿನವರು ಕೊಡುವ ಕಾಂಬಿಫ್ಲಾಮ್, ಬ್ರೂಫೆನ್ ಕಿಡ್ನಿಗೆ ವಿಷ. ಅತ್ತೆ ಪ್ರೀತಿಯಿಂದ ಮಾಡಿಕೊಡುವ ಕಷಾಯ, ಅಶ್ವಗಂಧ, ಅಮೃತಬಳ್ಳಿಗೂ ಕೈಮುಗಿದು ಬೇಡ ಎನ್ನಿ. ತೀರ್ಥವನ್ನು ಅಂಗೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳಿ, ಕುಡಿಯಬೇಡಿ. ಪಂಚಾಮೃತ ಬೇಡ. ಬಿಸಿಬಿಸಿ ಅನ್ನಸಂತರ್ಪಣೆ ಊಟ ಮಾಡಬಹುದು, ಮೊಸರು, ಹಸಿ ಕೋಸಂಬರಿ ಬಿಟ್ಟು. ಸೊಳ್ಳೆ ಕಚ್ಚದಂತೆ ನೋಡಿಕೊಳ್ಳಿ, ಡೆಂಗಿ ನಿಮ್ಮಂಥವರಿಗೆ ಜಾಸ್ತಿ ಅಪಾಯ. ಟೈಫಾಯ್ಡ್‌ಗೆ ಇಂಜೆಕ್ಷನ್ ಲಸಿಕೆ ಆಗುತ್ತದೆ, ನುಂಗುವ ಲಸಿಕೆ ಜೀವಂತ ಸೂಕ್ಷ್ಮಾಣುವಿನದು, ಅದು ಆಗುವುದಿಲ್ಲ. 100.4 ಡಿಗ್ರಿ ಜ್ವರ ಬಂದರೆ ಅಲ್ಲಿ ಎಷ್ಟೇ ಹೊತ್ತಾಗಿರಲಿ ಇಲ್ಲಿಯ ಆನ್‌ಕಾಲ್ ನಂಬರಿಗೆ ಫೋನ್ ಮಾಡಿ. ನಮಗೆ ಅದೇನೂ ತೊಂದರೆಯಲ್ಲ, ಅದಕ್ಕೇ ಆ ನಂಬರ್ ಇರುವುದು.

ಪ್ರಶ್ನೆ: ನಾನು ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಈಗ ಚಾರ್ಲಟ್‌ನಲ್ಲಿ ಐಸಿಯು ನರ್ಸ್. ಕೋಆರ್ಡಿನೇಟರ್ ಆಗುವ ಆಸೆಯಿದೆ. ಹೇಗೆ?
(ಚಾರ್ಲಟ್, ಉತ್ತರ ಕೆರೊಲಿನಾ)

ಉತ್ತರ: ಅರ್ಧ ದಾರಿ ಈಗಾಗಲೇ ಬಂದಿದ್ದೀಯ. ಎರಡು ಕವಲುಗಳಿವೆ. ಅಂಗಾಂಗ ಸಂಸ್ಥೆಗೆ ಸೇರಿದರೆ ದಾನಿಯ ಕಡೆಯ ಕೆಲಸ. ಮಿದುಳು ಸತ್ತ ಮೇಲೆ ಬಿಪಿ ಕುಸಿಯುತ್ತದೆ, ಮೂತ್ರ ಲೀಟರುಗಟ್ಟಲೆ ಹರಿಯುತ್ತದೆ, ರಕ್ತದಲ್ಲಿ ಉಪ್ಪಿನಂಶ ಏರುತ್ತದೆ. ವ್ಯಾಸೊಪ್ರೆಸಿನ್ ಹಚ್ಚಿ ಒಂದು ದೇಹವನ್ನು ಗಂಟೆಗಟ್ಟಲೆ ಸ್ಥಿರವಾಗಿಡಬೇಕು. ಅದರ ನಡುವೆಯೇ ಹೃದಯಕ್ಕೆ ಒಂದು ಆಸ್ಪತ್ರೆ, ಲಿವರಿಗೆ ಇನ್ನೊಂದು, ಕಿಡ್ನಿಗೆ ಮತ್ತೊಂದು ಎಂದು ಫೋನ್, ಥಿಯೇಟರಿನ ಸಮಯ, ವಿಮಾನದ ಸಮಯ. ದೇಹದಿಂದ ಹೊರಬಂದ ಹೃದಯ ಐಸ್‌ನಲ್ಲಿ ತಾಳುವುದು ನಾಲ್ಕರಿಂದ ಆರು ಗಂಟೆ, ಕಿಡ್ನಿ ಒಂದು ದಿನ ದಾಟಿಯೂ ತಾಳುತ್ತದೆ. ಒಂದು ಕೇಸ್ ಹಿಡಿದರೆ ಇಡೀ ದಿನ ರಾತ್ರಿ ಅದೇ. ಐಸಿಯು ಅನುಭವ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಕವಲು ಆಸ್ಪತ್ರೆಯೊಳಗಿನದು, ನಾನು ಮಾಡುವಂಥದ್ದು. ಅಲ್ಲಿ ರೋಗಿಗಳನ್ನು ವರ್ಷಗಟ್ಟಲೆ ನೋಡುತ್ತೀಯ, ಅವರ ಮಕ್ಕಳ ಮದುವೆಗೂ ಕರೆ ಬರುತ್ತದೆ. ಕಾಯುತ್ತಾ ಕಾಯುತ್ತಾ ತೀರಿಕೊಂಡವರ ಮನೆಗೆ ಫೋನ್ ಮಾಡುವುದೂ ಇರುತ್ತದೆ.

ಕೆಲಸಕ್ಕೆ ಸೇರಿ ಅನುಭವ ಪಡೆದ ಮೇಲೆ ಅಮೆರಿಕನ್ ಬೋರ್ಡ್ ಫಾರ್ ಟ್ರಾನ್ಸ್‌ಪ್ಲಾಂಟ್ ಸರ್ಟಿಫಿಕೇಶನ್ ನಡೆಸುವ ಪರೀಕ್ಷೆ ಬರೆಯಬಹುದು. ಆಸ್ಪತ್ರೆಯ ಕಡೆಯವರಿಗೆ ಸಿಸಿಟಿಸಿ, ಅಂಗಾಂಗ ಸಂಸ್ಥೆಯವರಿಗೆ ಸಿಪಿಟಿಸಿ. ಮುಂದೆ ಊರಿಗೆ ಮರಳಿದರೂ ಈ ಕೆಲಸ ನಿನ್ನ ಕೈಬಿಡುವುದಿಲ್ಲ. ಭಾರತದ ಕಾನೂನಿಗೆ 2011ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕಸಿಗೆ ನೋಂದಣಿ ಪಡೆದ ಪ್ರತಿ ಆಸ್ಪತ್ರೆಯಲ್ಲೂ ಕೋಆರ್ಡಿನೇಟರ್ ಇರಲೇಬೇಕು.

ಸೇರುವ ಮೊದಲು ಇಬ್ಬರು ಕೋಆರ್ಡಿನೇಟರುಗಳ ಜೊತೆ ಒಂದೊಂದು ಪಾಳಿ ನಿಂತು ನೋಡು, ಲೈಫ್‌ಶೇರ್‌ಗೋ ನಿನ್ನದೇ ಆಸ್ಪತ್ರೆಯ ಕಸಿ ಕ್ಲಿನಿಕ್ಕಿಗೋ ಪತ್ರ ಬರೆದು ಕೇಳು. ತಿಂಗಳಿಗೆ ಎಷ್ಟು ರಾತ್ರಿ ಆನ್‌ಕಾಲ್, ಒಬ್ಬ ಕೋಆರ್ಡಿನೇಟರ್ ಕೈಯಲ್ಲಿ ಎಷ್ಟು ರೋಗಿಗಳು, ಕಷ್ಟದ ಕೇಸಿನ ಮರುದಿನ ರಜೆ ಕೊಡುತ್ತಾರೆಯೇ ಎಂದು ಸಂದರ್ಶನದಲ್ಲೇ ಕೇಳು. ಸರಿಯಾದ ಉತ್ತರ ಸಿಗದ ಕಡೆ ಸೇರಬೇಡ.